ಬೆಳೆಗೆ ಬಿಡುವ ನೀರನ್ನೂ ಪರೀಕ್ಷೆ ಮಾಡಿಸಿ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಕೃಷಿ, ತೋಟಗಾರಿಕೆ, ಅಂತರ್ಜಲ ಇಲಾಖೆಗಳ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕುಮಟಾ ತಾಲ್ಲೂಕಿನ ರೈತ. ಅಘನಾಶಿನಿ ಹೊಳೆ ನಮ್ಮ ಜಮೀನಿನಿಂದ ಕೂಗಳತೆ ದೂರದಲ್ಲಿದೆ. ಕೆಳಗೆ ಇಪ್ಪತ್ತು ಗುಂಟೆ ಈರುಳ್ಳಿ ಗದ್ದೆ, ಅಂಚಿಗೆ ತೆಂಗು, ಸ್ವಲ್ಪ ಮೇಲೆ ಅಡಿಕೆ ತೋಟ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುತ್ತಾರಲ್ಲ, ಕುಮಟಾದ ಸಿಹಿ ಈರುಳ್ಳಿ, ಅದೇ ನಮ್ಮದೂ. ಈ ಪತ್ರ ಯಾರ ಮೇಲೂ ದೂರು ಹೇಳೋಕೆ ಬರೆದದ್ದಲ್ಲ. ಒಂದು ಕೆಲಸ ಆಗಬೇಕಿದೆ, ಅದು ನಿಮ್ಮಿಂದ ಆಗುತ್ತದೆ ಅನ್ನುವ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಳೇ ತೆರೆದ ಬಾವಿ ಒಂದಿದೆ. ಮಾರ್ಚ್ ಬಂತೆಂದರೆ ಅದರ ನೀರು ಇಳಿಯುತ್ತದೆ. ಹಾಗಾಗಿ ಕೆಲವು ವರ್ಷದ ಹಿಂದೆ ಅದರಿಂದ ಹತ್ತು ಹೆಜ್ಜೆ ಆಚೆ ಒಂದು ಬೋರ್ ಹೊಡೆಸಿದೆವು. ನೀರು ಚೆನ್ನಾಗಿ ಬಂತು. ಎರಡು ವರ್ಷ ಈರುಳ್ಳಿಯೂ ಚೆನ್ನಾಗಿ ಆಯ್ತು. ಮೂರನೇ ವರ್ಷ ಫೆಬ್ರವರಿಯಲ್ಲಿ ಈರುಳ್ಳಿ ಎಲೆಯ ತುದಿ ಒಣಗತೊಡಗಿತು. ಬೆಂಕಿ ತಾಗಿಸಿದ ಹಾಗೆ, ತುದಿಯಿಂದ ಕೆಳಕ್ಕೆ. ರೋಗ ಅಂದುಕೊಂಡೆವು. ಅಂಗಡಿಯಲ್ಲಿ ಕೇಳಿ ಔಷಧಿ ತಂದು ಎರಡು ಸಲ ಹೊಡೆದೆವು. ಏನೂ ಪ್ರಯೋಜನ ಆಗಲಿಲ್ಲ. ನೀರಿನ ಮೇಲೆ ನಮಗೆ ಅನುಮಾನವೇ ಬರಲಿಲ್ಲ, ಯಾಕೆಂದರೆ ಅದೇ ಬೋರಿನ ನೀರನ್ನು ಡಿಸೆಂಬರ್‌ನಲ್ಲಿ ಪರೀಕ್ಷೆಗೆ ಕೊಟ್ಟಿದ್ದೆವು, 'ಕುಡಿಯಲು ಯೋಗ್ಯ' ಅಂತ ಬರೆದ ಕಾಗದ ಮನೆಯಲ್ಲೇ ಇತ್ತು. ಮನುಷ್ಯರು ಕುಡಿಯಬಹುದಾದ ನೀರು ಗಿಡಕ್ಕೆ ಆಗೋದಿಲ್ಲ ಅಂತ ಯಾರಿಗೆ ಹೊಳೆಯುತ್ತದೆ ಹೇಳಿ?

ಆ ಹೊತ್ತಿಗೆ ನನ್ನ ಗೆಳೆಯ ಮನೆಗೆ ಬಂದಿದ್ದ. ಗದಗ ಜಿಲ್ಲೆಯ ರೋಣ ಕಡೆಯವನು, ಧಾರವಾಡದಲ್ಲಿ ಒಟ್ಟಿಗೆ ಓದಿದವರು ನಾವು. ಎರೆ ಹೊಲದ ರೈತ. ಗದ್ದೆಗೆ ಕರೆದುಕೊಂಡು ಹೋದೆ. ಅವನು ಎಲೆ ಮುಟ್ಟಿಯೂ ನೋಡಲಿಲ್ಲ. ನೇರ ಹೋಗಿ ಡ್ರಿಪ್ ಪೈಪಿನ ಹತ್ತಿರ ಕೂತ. ನೀರು ತೊಟ್ಟಿಕ್ಕುವ ತೂತಿನ ಸುತ್ತ ಬೆಳ್ಳಗೆ ಕಟ್ಟಿಕೊಂಡಿದ್ದನ್ನು ಉಗುರಿನಿಂದ ಕೆರೆದ, ನಾಲಗೆಗೆ ಹಚ್ಚಿಕೊಂಡ. 'ಒಂದು ನಿಂಬೆಹಣ್ಣು ತರ್ಸು' ಅಂದ. ಆ ಬಿಳಿ ಪುಡಿಯ ಮೇಲೆ ನಿಂಬೆರಸ ಹಿಂಡಿದ. ಹೇಳಿಕೊಳ್ಳುವಷ್ಟು ನೊರೆ ಬರಲಿಲ್ಲ. 'ನಮ್ಮ ಊರಾಗಾಗಿದ್ರ ಬುರುಬುರು ನೊರೆ ಬರ್ತಿತ್ತು. ನಮ್ಮದು ಸುಣ್ಣ. ನಿಮ್ಮದು ಉಪ್ಪು ನೋಡಪಾ' ಅಂದ.

ಆಮೇಲೆ ಚೀಲದಿಂದ ಪೆನ್ನಿನಂಥ ಒಂದು ಮೀಟರ್ ತೆಗೆದ. ಬೋರಿನ ನೀರಿಗೆ ಅದ್ದಿದರೆ 1,460 ತೋರಿಸಿತು. ಹತ್ತು ಹೆಜ್ಜೆ ಆಚೆಗಿನ ಹಳೇ ಬಾವಿಯ ನೀರು 380. ಒಂದೇ ಗದ್ದೆ, ಒಂದೇ ದಿನ. ನಾವು ಸಪ್ಪೆ ನೀರಿನ ಬಾವಿ ಬಿಟ್ಟು ಉಪ್ಪಾಗುತ್ತಿದ್ದ ಬೋರಿನ ನೀರು ಹಾಯಿಸುತ್ತಿದ್ದೆವು. ಅದನ್ನು ಹೇಳೋದಕ್ಕೆ ಬಯಲುಸೀಮೆಯಿಂದ ಒಬ್ಬ ಬರಬೇಕಾಯಿತು.

ಆ ಮೀಟರ್ ತೋರಿಸುವುದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನು. ಉಪ್ಪಿನಂಶ ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ ಹರಿಯುತ್ತದೆ. ಇದಕ್ಕೆ ಇಸಿ, ಅಂದರೆ ವಿದ್ಯುತ್ ವಾಹಕತೆ ಅನ್ನುತ್ತಾರೆ, ಅಳತೆ ಪ್ರತಿ ಸೆಂಟಿಮೀಟರಿಗೆ ಮೈಕ್ರೋ ಸೀಮೆನ್ಸ್‌ನಲ್ಲಿ. ಅಮೆರಿಕದ ರಿವರ್‌ಸೈಡ್ ಎಂಬಲ್ಲಿಯ ಲವಣಾಂಶ ಪ್ರಯೋಗಾಲಯದವರು 1954ರಲ್ಲೇ ನೀರಾವರಿಯ ನೀರನ್ನು ಈ ಲೆಕ್ಕದಲ್ಲಿ ನಾಲ್ಕು ದರ್ಜೆ ಮಾಡಿದ್ದಾರೆ. 250ರ ಒಳಗಿದ್ದರೆ ಚಿಂತೆಯೇ ಇಲ್ಲ. 750ರವರೆಗೆ ಸಾಮಾನ್ಯವಾಗಿ ಪರವಾಗಿಲ್ಲ. 2,250ರವರೆಗೆ ಜೋಪಾನ. ಅದರ ಮೇಲೆ ಹೆಚ್ಚಿನ ಬೆಳೆಗೆ ಬೇಡವೇ ಬೇಡ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿ ಬೆಳೆಬೆಳೆಗೂ ಬೇರೆ ಲೆಕ್ಕ ಕೊಡುತ್ತದೆ. ಇಳುವರಿ ಕಡಿಮೆ ಆಗಬಾರದು ಅಂದರೆ ಬೀನ್ಸ್‌ಗೆ 700, ಈರುಳ್ಳಿಗೆ 800, ಭತ್ತಕ್ಕೆ 2,000. ಈರುಳ್ಳಿಗೆ 2,900ರ ನೀರು ಬಿಟ್ಟರೆ ಫಸಲು ಅರ್ಧಕ್ಕೆ ಇಳಿಯುತ್ತದೆ ಅನ್ನುತ್ತದೆ ಅದೇ ಲೆಕ್ಕ. ನಮ್ಮದು 1,460. ಗಿಡ ಸಾಯಲಿಲ್ಲ, ಗಡ್ಡೆ ಸಣ್ಣದಾಯಿತು. ಅದಕ್ಕೇ ನಮಗೆ ಗೊತ್ತಾಗಲಿಲ್ಲ.

ಸವಳು ನೀರಾದರೆ ನಾಲಗೆಗೆ ಗೊತ್ತಾಗೋದಿಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನೀರಿನ ಉಪ್ಪು ನಾಲಗೆಗೆ ಹತ್ತುವುದು ಲೀಟರಿಗೆ ಸುಮಾರು 250 ಮಿಲಿಗ್ರಾಂ ಕ್ಲೋರೈಡ್ ಆದ ಮೇಲೆ. ತಾಳಿಕೆ ಕಡಿಮೆ ಇರುವ ಬೆಳೆಗೆ 140 ದಾಟಿದಾಗಲೇ ತೊಂದರೆ ಶುರು. ಸ್ಪ್ರಿಂಕ್ಲರಿನಿಂದ ಎಲೆ ಮೇಲೆ ಬಿದ್ದರಂತೂ ನೂರರ ಆಚೀಚೆಗೇ ಎಲೆ ಸುಡಬಹುದು. ಬಾಯಿಗೆ ಉಪ್ಪು ತಾಗುವ ಹೊತ್ತಿಗೆ ಗಿಡ ಎಷ್ಟೋ ದಿನದಿಂದ ಕಷ್ಟಪಟ್ಟಿರುತ್ತದೆ.

ಹಾಗಾದರೆ ಆ ಕಾಗದ ಸುಳ್ಳಾ? ಅಲ್ಲ. ಅದರಲ್ಲಿದ್ದದ್ದು ಸರಿಯಾಗಿಯೇ ಇತ್ತು. ನಾವು ಕೇಳಿದ ಪ್ರಶ್ನೆ ಬೇರೆ, ಕೇಳಬೇಕಾಗಿದ್ದದ್ದು ಬೇರೆ. ಕುಡಿಯುವ ನೀರಿಗೆ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೂ ಆಗಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಈರುಳ್ಳಿಗೆ ಲೀಟರಿಗೆ 2,000 ಮಿಲಿಗ್ರಾಂ, ಅಂದರೆ ಇಸಿ ಲೆಕ್ಕದಲ್ಲಿ 3,000ದ ಮೇಲೆ, ಆದರೆ ಮುಗೀತು. ಇನ್ನು ನಾವು ನೀರು ಕೊಟ್ಟಿದ್ದು ಡಿಸೆಂಬರ್‌ನಲ್ಲಿ. ಮಳೆಯ ಸಪ್ಪೆ ನೀರು ನೆಲದಲ್ಲಿ ಇನ್ನೂ ತುಂಬಿರುವ ಕಾಲ ಅದು. ಬೆಳೆಗೆ ನೀರು ಬೇಕಾಗುವುದು ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಅಲ್ವಾ?

ಸಪ್ಪೆ ನೀರಿನ ಬಾವಿಯ ಪಕ್ಕದಲ್ಲೇ ಬೋರಿಗೆ ಉಪ್ಪು ಹೇಗೆ ಬಂತು ಅನ್ನೋದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಕರಾವಳಿಯ ಕಥೆಯೆಲ್ಲ ಇದರಲ್ಲೇ ಇದೆ. ಸಮುದ್ರದ ನೀರು ಮಳೆ ನೀರಿಗಿಂತ ತೂಕ ಜಾಸ್ತಿ, ನೂರಕ್ಕೆ ಎರಡೂವರೆಯಷ್ಟು. ಹಾಗಾಗಿ ತೀರದ ನೆಲದೊಳಗೆ ಸಪ್ಪೆ ನೀರು ಮೇಲೆ ತೇಲುತ್ತದೆ, ಉಪ್ಪು ನೀರು ಅಡಿಯಲ್ಲಿರುತ್ತದೆ. ಅಂತರ್ಜಲ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಪ್ಪೆ ನೀರು ಇರುತ್ತದೆ. ಈ ಲೆಕ್ಕವನ್ನು ಡಚ್ ಎಂಜಿನಿಯರ್ ಗೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಇಬ್ಬರೂ ಬೇರೆಬೇರೆಯಾಗಿ ಕಂಡುಕೊಂಡು ನೂರು ವರ್ಷದ ಮೇಲಾಯಿತು. ಇದನ್ನೇ ತಿರುಗಿಸಿ ನೋಡಿ. ಪಂಪು ಹಾಕಿ ನೀರಿನ ಮಟ್ಟ ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ನೀರು ನಲವತ್ತು ಅಡಿ ಮೇಲಕ್ಕೆ ಬರಲು ನೋಡುತ್ತದೆ. ಒಂದೇ ದಿನದಲ್ಲಿ ಬರೋದಿಲ್ಲ, ಒಳಗಿನ ಕಲ್ಲು ಮಣ್ಣಿನ ಮೇಲೆ ಹೋಗುತ್ತದೆ, ಆದರೆ ಬರುತ್ತದೆ. ತೆರೆದ ಬಾವಿ ಮೇಲಿನ ಪದರದ ನೀರನ್ನು ಕುಡಿಯುತ್ತದೆ, ಬೋರು ಆಳಕ್ಕೆ ಬಾಯಿ ಹಾಕುತ್ತದೆ. ಇನ್ನೂ ಆಳಕ್ಕೆ ಹೊಡೆದರೆ ನೀರು ಸಿಗುತ್ತದೆ ಅನ್ನೋದು ಘಟ್ಟದ ಮೇಲೆ ನಡೆಯಬಹುದು. ಹೊಳೆಬಾಯಿಯ ಹತ್ತಿರ ಆಳಕ್ಕೆ ಹೋದಷ್ಟೂ ಸಮುದ್ರಕ್ಕೇ ಹತ್ತಿರ ಹೋಗುತ್ತೀರಿ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮೀಟರ್ ಇರಲಿಲ್ಲ, ಆದರೆ ನೀರು ನೋಡಿ ಬೆಳೆ ಹಾಕುತ್ತಿದ್ದರು. ಉಪ್ಪು ನೀರು ನುಗ್ಗುವ ಗಜನಿ ಗದ್ದೆಗೆ ಉಪ್ಪು ತಾಳುವ ಕಗ್ಗ ಭತ್ತ. ಮಾಣಿಕಟ್ಟಾ ಕಡೆ ಈಗಲೂ ಕಗ್ಗ ಬೆಳೆಯುವವರಿದ್ದಾರೆ. ಹೊಳೆ ಅಂಚಿಗೆ ತೆಂಗು, ಅದು ಸ್ವಲ್ಪ ಉಪ್ಪು ತಡೆಯುತ್ತದೆ. ಅಡಿಕೆ ತಡೆಯೋದಿಲ್ಲ, ಅದಕ್ಕೆ ಮೇಲೆ, ಒರತೆ ನೀರು ಸಿಗುವಲ್ಲಿ ಜಾಗ. ಗಜನಿ ಒಡ್ಡು ಒಡೆದರೆ ಊರೇ ಸೇರಿ ಕಟ್ಟುತ್ತಿದ್ದರು. ಈಗ ಎಲ್ಲಿ ಬೇಕಾದರೂ ಬೋರು, ಎಲ್ಲಿ ಬೇಕಾದರೂ ಅಡಿಕೆ. ನಾನೂ ಅದೇ ತಪ್ಪು ಮಾಡಿದವನು.

ಗೆಳೆಯನ ಊರಿನದು ಬೇರೆ ಕಥೆ. ಅದನ್ನು ಆಮೇಲೆ ಅಲ್ಲಿಗೇ ಹೋಗಿ ನೋಡಿ ಬಂದೆ. ಅಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಆದರೂ ನೀರು ಕೆಟ್ಟಿದೆ. ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಲವಣವನ್ನು ಕರಗಿಸಿಕೊಂಡಿರುತ್ತದೆ, ಮಳೆ ಕಡಿಮೆ, ಬಿಸಿಲಿಗೆ ನೀರು ಆರಿ ಉಪ್ಪು ನೆಲದಲ್ಲೇ ಉಳಿಯುತ್ತದೆ. ಅವನ ಹೊಲದ ಒಂದು ಮೂಲೆಯಲ್ಲಿ ನೀರು ಬಿಟ್ಟು ಎರಡು ದಿನ ಆದರೂ ಇಂಗಿರಲಿಲ್ಲ. ಮೇಲೆ ಗಟ್ಟಿ ಹಪ್ಪಳದಂತೆ ಮಣ್ಣು ಎದ್ದಿತ್ತು. ಎತ್ತಿದರೆ ಬಿಲ್ಲೆಬಿಲ್ಲೆಯಾಗಿ ಬಂತು, ಅಡಿಯಲ್ಲಿ ಒಣ ಪುಡಿ. ಇದು ಸೋಡಿಯಂ ಕೆಲಸ. ಮಣ್ಣಿನ ಕಣಗಳನ್ನು ಕ್ಯಾಲ್ಸಿಯಂ ಹಿಡಿದು ಗೂಡಿಸಿ ಇಡುತ್ತದೆ. ನೀರಿನಲ್ಲಿ ಸೋಡಿಯಂ ಜಾಸ್ತಿ ಆದರೆ ಅದು ಕ್ಯಾಲ್ಸಿಯಂ ಜಾಗಕ್ಕೆ ಬಂದು ಕೂರುತ್ತದೆ, ಕಣಗಳು ಬಿಟ್ಟುಕೊಂಡು ರಾಡಿಯಾಗಿ ಮಣ್ಣಿನ ತೂತುಗಳನ್ನು ಮುಚ್ಚುತ್ತವೆ. ನೀರು ಮೇಲೆ ನಿಂತಿರುತ್ತದೆ, ಗಿಡ ಬಾಯಾರಿ ನಿಂತಿರುತ್ತದೆ.

ಆ ಗುಣವನ್ನು ಇಸಿ ಮೀಟರ್ ಹೇಳೋದಿಲ್ಲ. ಅದಕ್ಕೆ ಪ್ರಯೋಗಾಲಯಕ್ಕೇ ಹೋಗಬೇಕು. ಸೋಡಿಯಂ ಎಷ್ಟು, ಅದರ ಎದುರಿಗೆ ಕ್ಯಾಲ್ಸಿಯಂ, ಮೆಗ್ನೀಶಿಯಂ ಎಷ್ಟು ಅಂತ ತೂಗಿ ನೋಡುವುದಕ್ಕೆ ಎಸ್‌ಎಆರ್ ಅನ್ನುತ್ತಾರೆ. ಹತ್ತರೊಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ, 26 ದಾಟಿದರೆ ಕೆಟ್ಟದು. ಇನ್ನೊಂದು ಆರ್‌ಎಸ್‌ಸಿ, ಅಂದರೆ ಉಳಿಕೆ ಸೋಡಿಯಂ ಕಾರ್ಬನೇಟ್. ನೀರಿನಲ್ಲಿ ಕಾರ್ಬನೇಟ್, ಬೈಕಾರ್ಬನೇಟ್ ಜಾಸ್ತಿ ಇದ್ದರೆ ಅವು ಕ್ಯಾಲ್ಸಿಯಂ ಅನ್ನು ಸುಣ್ಣ ಮಾಡಿ ಕೂರಿಸಿಬಿಡುತ್ತವೆ, ಸೋಡಿಯಂ ಒಂದೇ ಉಳಿಯುತ್ತದೆ. ನಿಂಬೆರಸಕ್ಕೆ ನೊರೆ ಬರೋದು ಆ ಸುಣ್ಣಕ್ಕೇ. ಆರ್‌ಎಸ್‌ಸಿ 1.25ರ ಒಳಗಿದ್ದರೆ ಒಳ್ಳೆಯ ನೀರು, 2.5 ದಾಟಿದರೆ ನೀರಾವರಿಗೆ ಬೇಡ. ಬೇಡ ಅಂದರೂ ದಾರಿ ಇಲ್ಲ ಅಂತಲ್ಲ. ಗೆಳೆಯ ನೀರು ಬೀಳುವ ತೊಟ್ಟಿಯಲ್ಲಿ ಕ್ಯಾಲ್ಸಿಯಂ ಇರುವ ಜಿಪ್ಸಂ ಚೀಲ ಇಟ್ಟಿದ್ದಾನೆ, ನೀರು ಅದರ ಮೂಲಕ ಹಾದು ಹೋಗುತ್ತದೆ. ಆರ್‌ಎಸ್‌ಸಿಯಲ್ಲಿ ಒಂದು ಅಂಕ ಇಳಿಸೋಕೆ ಹತ್ತು ಲಕ್ಷ ಲೀಟರ್ ನೀರಿಗೆ 86 ಕಿಲೋ ಶುದ್ಧ ಜಿಪ್ಸಂ ಬೇಕು. ಈ ಲೆಕ್ಕವನ್ನು ಅವನು ಬಾಯಲ್ಲೇ ಹೇಳುತ್ತಾನೆ. ಅವನು ಓದಿದ್ದು ನಾನು ಓದಿದಷ್ಟೇ. ನೀರಿನ ಕಷ್ಟ ಅವನಿಗೆ ಕಲಿಸಿದೆ.

ಒಂದೇ ನೀರು ಒಂದು ಊರಿಗೆ ಆಗುತ್ತದೆ, ಇನ್ನೊಂದಕ್ಕೆ ಆಗೋದಿಲ್ಲ ಅನ್ನೋದು ಅಲ್ಲಿ ನಾನು ಕಲಿತ ದೊಡ್ಡ ಪಾಠ. ಇಸಿ 1,000 ಇರುವ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಇರುತ್ತದೆ. ಒಂದು ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ಬಿಟ್ಟರೆ 150 ದಿನದಲ್ಲಿ ಬುಡಕ್ಕೆ ಬಿದ್ದ ಲವಣ ಹತ್ತಿರಹತ್ತಿರ ಎರಡು ಕಿಲೋ. ಒಂದು ಮರಕ್ಕೆ ಎರಡು ಕಿಲೋ! ಕಾರವಾರ, ಕುಮಟಾ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಜೂನ್ ಜುಲೈನಲ್ಲಿ ಮರಳು ಮಿಶ್ರಿತ ಮಣ್ಣನ್ನು ಅದು ತೊಳೆದು ಹಾಕುತ್ತದೆ. ಗದಗ, ವಿಜಯಪುರದ ಕಡೆ ಬೀಳೋದು ಆರುನೂರರ ಆಸುಪಾಸು, ಮಣ್ಣು ಜಿಗುಟು ಎರೆ. ಅಲ್ಲಿ ಉಪ್ಪು ವರ್ಷದಿಂದ ವರ್ಷಕ್ಕೆ ಪೇರಿಕೊಳ್ಳುತ್ತ ಹೋಗುತ್ತದೆ. ಹಾಗಾಗಿ ಬರೀ ನೀರಿನ ಅಂಕಿ ನೋಡಿ ಯೋಗ್ಯ, ಅಯೋಗ್ಯ ಅಂತ ಮೊಹರು ಒತ್ತಿದರೆ ಸಾಲದು. ಯಾವ ಮಣ್ಣು, ಯಾವ ಬೆಳೆ, ಎಷ್ಟು ಮಳೆ, ಡ್ರಿಪ್ಪೋ ಸ್ಪ್ರಿಂಕ್ಲರೋ, ಎಲ್ಲ ಸೇರಿಸಿ ನೋಡಬೇಕು.

ನಮಗೆ ಆ ಮಳೆ ಇರೋದೇ ದೊಡ್ಡ ಆಸ್ತಿ. ಅದನ್ನೇ ನಂಬಿ ನಾವು ಮೈಮರೆತಿದ್ದೇವೆ ಅನ್ನೋದೇ ನನ್ನ ಸಂಕಟ. ಮಳೆ ಜಿಲ್ಲೆ ಅಂತ ಕರೆಸಿಕೊಂಡರೂ ಡಿಸೆಂಬರ್‌ನಿಂದ ಮೇವರೆಗೆ ನಾವೂ ಒಣ ನಾಡೇ. ಅದೂ ಅಲ್ಲದೆ ಇಡೀ ಜಿಲ್ಲೆ ಒಂದೇ ಥರ ಇಲ್ಲ. ಮುಂಡಗೋಡ, ಹಳಿಯಾಳ ಹೆಚ್ಚುಕಡಿಮೆ ಬಯಲುಸೀಮೆಯ ಹಾಗೇ. ಬನವಾಸಿ ಕಡೆ ಅನಾನಸ್, ಶುಂಠಿ, ಜೋಳಕ್ಕೆ ಬೋರು ಬಂದಿವೆ. ಶಿರಸಿ, ಸಿದ್ದಾಪುರದ ಕಣಿವೆ ತೋಟಗಳಲ್ಲೂ ಕೆರೆ, ಹಳ್ಳದ ನೀರಿನ ಜಾಗಕ್ಕೆ ಬೋರಿನ ನೀರು ಬರುತ್ತಿದೆ. ಕರಾವಳಿಗೆ ಸಮುದ್ರದ ಉಪ್ಪು, ಮೂಡಲ ತಾಲ್ಲೂಕಿಗೆ ಬಂಡೆಯ ಲವಣ. ಎರಡೂ ನಮ್ಮ ಜಿಲ್ಲೆಯವೇ.

ಈಗ ನನ್ನ ಕೋರಿಕೆಗೆ ಬರುತ್ತೇನೆ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಬರೆದು ಕೊಡುತ್ತಾರೆ. ಸಾರಜನಕದಿಂದ ಹಿಡಿದು ಬೋರಾನ್‌ವರೆಗೆ, ಒಳ್ಳೆಯ ಕೆಲಸ. ಆದರೆ ಆ ಮಣ್ಣಿಗೆ ದಿನಾ ಬೀಳುವ ನೀರಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅದರ ಜೊತೆಗೇ ಒಂದು ನೀರಿನ ಚೀಟಿ ಕೊಡಿ. ವರ್ಷಕ್ಕೆ ಎರಡು ಸಲ ಪರೀಕ್ಷೆ ಆಗಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಒಂದು, ನೀರು ತಳ ಕಂಡ ಮೇಲೆ ಮೇ ತಿಂಗಳಲ್ಲಿ ಇನ್ನೊಂದು. ಒಂದೇ ಸಲ ಆಗೋದು ಅಂದರೆ ಮೇ ತಿಂಗಳದ್ದೇ ಮಾಡಿ. ಇಸಿ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಶಿಯಂ, ಕ್ಲೋರೈಡ್, ಬೈಕಾರ್ಬನೇಟ್ ಇಷ್ಟು ಸಿಕ್ಕರೆ ಉಳಿದದ್ದು ಲೆಕ್ಕಕ್ಕೆ ಬರುತ್ತದೆ. ಕರಾವಳಿಯಲ್ಲಿ ಬೈಕಾರ್ಬನೇಟನ್ನು ಕ್ಲೋರೈಡ್ ಹಿಂದೆ ಹಾಕುತ್ತ ಬಂತು ಅಂದರೆ ಸಮುದ್ರ ಒಳಗೆ ಬರುತ್ತಿದೆ ಅಂತ ಮುಂಚೆಯೇ ಸೂಚನೆ ಸಿಗುತ್ತದೆ, ಬಾಯಿಗೆ ಉಪ್ಪು ಹತ್ತೋವರೆಗೆ ಕಾಯಬೇಕಿಲ್ಲ.

ಆ ಚೀಟಿಯಲ್ಲಿ ಬರೀ ಅಂಕಿ ಬೇಡ. 'ಈ ನೀರು ತೆಂಗಿಗೆ ಆಗುತ್ತದೆ, ಈರುಳ್ಳಿಗೆ ಮಾರ್ಚ್ ನಂತರ ಬೇಡ, ಬಾವಿ ನೀರಿನ ಜೊತೆ ಬೆರೆಸಿ ಬಿಡಿ, ಎಲೆ ಮೇಲೆ ಹಾಯಿಸಬೇಡಿ' ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದಿರಲಿ. ನನಗೆ ಇಂಥ ನಾಲ್ಕು ಸಾಲು ಡಿಸೆಂಬರ್‌ನಲ್ಲಿ ಸಿಕ್ಕಿದ್ದರೆ ಒಂದು ವರ್ಷದ ಫಸಲು ಉಳಿಯುತ್ತಿತ್ತು.

ಇಸಿ ಮೀಟರ್ ಒಂದು ಬ್ಯಾಟರಿ ಸ್ಪ್ರೇಯರಿಗಿಂತ ಅಗ್ಗ. ನಮ್ಮ ಜಿಲ್ಲೆಯ ಸೇವಾ ಸಹಕಾರಿ ಸಂಘಗಳು ಹಳ್ಳಿಹಳ್ಳಿಯಲ್ಲಿವೆ, ರೈತರು ಗೊಬ್ಬರಕ್ಕೆ ಅಲ್ಲಿಗೇ ಹೋಗೋದು. ಪ್ರತಿ ಸಂಘದಲ್ಲಿ ಒಂದು ಮೀಟರ್ ಇಡಿ, ಅದನ್ನು ಆಗಾಗ ಸರಿಹೊಂದಿಸುವ ದ್ರಾವಣವೂ ಇರಲಿ, ಇಲ್ಲದಿದ್ದರೆ ಅದು ತಪ್ಪು ತೋರಿಸುತ್ತದೆ. ಬಾಟಲಿಯಲ್ಲಿ ನೀರು ತಂದವರಿಗೆ ಒಂದು ನಿಮಿಷದಲ್ಲಿ ಅಳೆದು ಹೇಳಬಹುದು. ಸಂಖ್ಯೆ ಜಾಸ್ತಿ ಬಂದವರ ನೀರು ಮಾತ್ರ ಪ್ರಯೋಗಾಲಯಕ್ಕೆ ಹೋಗಲಿ, ಅಲ್ಲಿಯವರಿಗೂ ಹೊರೆ ಕಡಿಮೆ. ಪರೀಕ್ಷೆಗೆ ನೀರು ತೆಗೆಯೋದು ಹೇಗೆ ಅಂತಲೂ ಯಾರಾದರೂ ಹೇಳಿಕೊಡಬೇಕು. ನಾವು ಮೊದಲ ಸಲ ಟಾಂಕಿಯಲ್ಲಿ ನಿಂತಿದ್ದ ನೀರನ್ನು ಹಳೇ ಶರಬತ್ತಿನ ಬಾಟಲಿಯಲ್ಲಿ ಕೊಟ್ಟಿದ್ದೆವು. ಪಂಪು ಹತ್ತು ಹದಿನೈದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿ ಎರಡು ಮೂರು ಸಲ ತೊಳೆದು, ಗಾಳಿ ಇರದ ಹಾಗೆ ಕಂಠಮಟ್ಟ ತುಂಬಿ, ತಡಮಾಡದೆ ತಲುಪಿಸಬೇಕಂತೆ. ಇಷ್ಟು ಸಣ್ಣ ವಿಷಯ ನಮಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು, ಇದು ಸ್ವಲ್ಪ ಕಹಿ ಮಾತು. ಹೊಳೆಬಾಯಿ, ಗಜನಿ ಪಕ್ಕದಲ್ಲಿ ಸರ್ಕಾರದ ಸಹಾಯಧನದಿಂದ ಬೋರು ಕೊರೆಸುವ ಮೊದಲು ಸುತ್ತಲಿನ ನಾಲ್ಕು ಬಾವಿಯ ಮೇ ತಿಂಗಳ ಇಸಿ ನೋಡಲಿ. ಅದು ಏರುತ್ತಿದ್ದರೆ ಬೋರಿನ ದುಡ್ಡನ್ನೇ ತೆರೆದ ಬಾವಿ ಹೂಳೆತ್ತೋಕೆ, ಮಳೆ ನೀರು ಇಂಗಿಸೋಕೆ, ಉಪ್ಪು ನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡಿನ ಬಾಗಿಲು ರಿಪೇರಿಗೆ ಕೊಡಿ. ಅಂತರ್ಜಲವನ್ನು ನಿಯಂತ್ರಿಸಿ ನಿರ್ವಹಿಸಲು ರಾಜ್ಯದಲ್ಲಿ 2011ರ ಕಾಯ್ದೆಯೇ ಇದೆ. ನೀರು ಎಷ್ಟಿದೆ ಅಂತ ನೋಡುವ ಹಾಗೆ ಹೇಗಿದೆ ಅಂತಲೂ ನೋಡಬೇಕು ಅನ್ನೋದಷ್ಟೇ ನಮ್ಮ ಮಾತು. ನನಗೆ ಬೋರ್ ಕೊಡಬೇಡಿ ಅಂದರೆ ಆ ದಿನ ಸಿಟ್ಟು ಬರುತ್ತಿತ್ತು, ನಿಜ. ಆದರೆ ಯಾಕೆ ಅಂತ ಅಂಕಿ ತೋರಿಸಿ ಹೇಳಿದ್ದರೆ ಅರ್ಥ ಆಗುತ್ತಿತ್ತು.

ಇದಕ್ಕೆ ತಿಳಿದವರು ಇಲ್ಲ ಅಂತಲ್ಲ. ಶಿರಸಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಗಂಗಾವತಿಯಲ್ಲಿ ಸವಳು ಮಣ್ಣಿನ ಮೇಲೆ, ಸವಳು ನೀರಿನ ಮೇಲೆ ಬಹಳ ವರ್ಷದಿಂದ ಸಂಶೋಧನೆ ನಡೆಯುತ್ತಿದೆ. ಅವರನ್ನು ಒಂದು ಸಲ ನಮ್ಮ ಕಡೆ ಕರೆಸಿ. ಕುಮಟಾ, ಅಂಕೋಲಾ, ಹೊನ್ನಾವರದ ಒಂದೊಂದು ಊರಿನಲ್ಲಿ ನಿಂತು ನೋಡಲಿ. ಗೋಕರ್ಣದ ಮರಳಿನಲ್ಲಿ ಸಣ್ಣ ಸಣ್ಣ ಹೊಂಡ ತೋಡಿ, ಕೊಡದಲ್ಲಿ ನೀರು ಹೊತ್ತು ತರಕಾರಿ ಬೆಳೆಯುವ ಹೆಂಗಸರ ಹತ್ತಿರವೂ ಮಾತಾಡಲಿ. ಯಾವ ಹೊಂಡ ಯಾವ ತಿಂಗಳಿಗೆ ಸವಳಾಗುತ್ತದೆ ಅಂತ ಅವರಿಗೆ ಕರಾರುವಾಕ್ಕಾಗಿ ಗೊತ್ತು.

ಈಗ ನಾವು ಫೆಬ್ರವರಿಯಿಂದ ಬೋರನ್ನು ದಿನಕ್ಕೆ ಒಂದು ತಾಸು ಮಾತ್ರ ಓಡಿಸಿ, ಬಾವಿ ನೀರಿನ ಜೊತೆ ತೊಟ್ಟಿಯಲ್ಲಿ ಬೆರೆಸಿ ಬಿಡುತ್ತಿದ್ದೇವೆ. ಬೆರೆಸಿದ ನೀರು 800 ದಾಟದ ಹಾಗೆ ನೋಡಿಕೊಳ್ಳುತ್ತೇವೆ. ದಾಟಿದ ದಿನ ಬೋರ್ ಬಂದ್. ಈರುಳ್ಳಿ ಹತ್ತು ಗುಂಟೆಗೆ ಇಳಿದಿದೆ, ಗಡ್ಡೆ ಮೊದಲಿನ ಗಾತ್ರಕ್ಕೆ ಬಂದಿದೆ. ನನ್ನ ಮೀಟರನ್ನು ಕೇಳಿಕೊಂಡು ಅಕ್ಕಪಕ್ಕದ ಮನೆಯವರು ಬರುತ್ತಾರೆ. ಎಂಟು ಬಾವಿ, ಐದು ಬೋರಿನ ಅಂಕಿಯನ್ನು ತಿಂಗಳು ತಿಂಗಳು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನೀವು ಯಾರನ್ನಾದರೂ ಕಳಿಸಿದರೆ ಆ ಪುಸ್ತಕ ಕೊಡುತ್ತೇನೆ, ಬಾವಿಗಳನ್ನೂ ತೋರಿಸುತ್ತೇನೆ. ಮೇ ತಿಂಗಳಲ್ಲೇ ಕಳಿಸಿ.

ಇತಿ ತಮ್ಮ ವಿಶ್ವಾಸಿ,
ಅಘನಾಶಿನಿ ದಡದ ಒಬ್ಬ ರೈತ
ಕುಮಟಾ ತಾಲ್ಲೂಕು